ತರಗತಿಯ ಪಾಠ, ಬೀದಿಯ ಡ್ರಮ್ಮು: ಸಮುದಾಯ ಆರೋಗ್ಯ ಶಿಕ್ಷಣ ಮಾಡುವ ಬಗೆ

ನರ್ಸಿಂಗ್ ಕಾಲೇಜಿನ ಕಮ್ಯುನಿಟಿ ಪೋಸ್ಟಿಂಗ್, ಸಮಾಜಕಾರ್ಯ ಸ್ನಾತಕೋತ್ತರ (ಎಂಎಸ್‌ಡಬ್ಲ್ಯು) ವಿದ್ಯಾರ್ಥಿಗಳ ಕ್ಷೇತ್ರಕಾರ್ಯ, ಎಂಬಿಬಿಎಸ್ ವಿದ್ಯಾರ್ಥಿಗಳ ಕುಟುಂಬ ದತ್ತು ಕಾರ್ಯಕ್ರಮ, ಹೀಗೆ ಹೆಸರು ಯಾವುದಾದರೂ ಇರಲಿ, ಬೆಂಗಳೂರಿನ ಬಡಾವಣೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಅಂಗನವಾಡಿ ಗೋಡೆಗೆ ಚಾರ್ಟ್ ಅಂಟಿಸುವುದು, ಇಪ್ಪತ್ತು ನಿಮಿಷ ಮಾತಾಡುವುದು, ಗುಂಪು ಫೋಟೊ ತೆಗೆಯುವುದು, ಹಾಜರಿಗೆ ಸಹಿ ಹಾಕಿಸಿಕೊಂಡು ಬಸ್ಸು ಹತ್ತುವುದು. ತರಗತಿಯಲ್ಲಿ ಓದಿದ ಸಿದ್ಧಾಂತಗಳು ಪರೀಕ್ಷೆಯ ಹತ್ತು ಅಂಕದ ಪ್ರಶ್ನೆಗೆ ಮೀಸಲಾಗಿ ಉಳಿಯುತ್ತವೆ. ಅವನ್ನು ಮನೆಮನೆಯ ಕೆಲಸಕ್ಕೆ ಹಚ್ಚುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇವೆ. ಮುಖ್ಯ ಉದಾಹರಣೆ ಡೆಂಗಿ, ಏಕೆಂದರೆ ಬದಲಾವಣೆ ಆಗಿದೆಯೋ ಇಲ್ಲವೋ ಎಂಬುದನ್ನು ಟಾರ್ಚ್ ಹಿಡಿದು ಕಣ್ಣಾರೆ ನೋಡಬಹುದು. ನಾಲ್ಕು ವಿದ್ಯಾರ್ಥಿಗಳ ತಂಡ, ಮೂವತ್ತು ಮನೆ, ನಾಲ್ಕು ವಾರ, ಇಷ್ಟಿದ್ದರೆ ಸಾಕು.

ಕೊರತೆ ಅರಿವಿನದೇ?

ಪಾಠ ಬರೆಯುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ‘ಜನರಿಗೆ ಅರಿವಿಲ್ಲ, ಅರಿವು ಮೂಡಿಸಬೇಕು’ ಎಂದು ಹೊರಡುವುದು ನಮ್ಮ ಕ್ಷೇತ್ರದ ಹಳೆಯ ಚಟ. ಇದು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿದ್ದ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ಕ್ಷಯದ ಲಕ್ಷಣಗಳ ಪರಿವೆಯೇ ಇರಲಾರದು ಎಂಬ ಊಹೆ ಅಲ್ಲಿ ಸುಳ್ಳಾಯಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಕೆಮ್ಮು, ಜ್ವರ ಗೊತ್ತೇ ಇತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೆಮ್ಮಿನ ಔಷಧಿ ಹಿಡಿದುಕೊಂಡು ವಾಪಸಾಗಿದ್ದರು. ಅಲ್ಲಿ ಬೇಕಾಗಿದ್ದದ್ದು ಹತ್ತಿರದ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಊರೊಳಗೆ ಭಾಷಣ ಅಲ್ಲ.

ಜನ ಆರೋಗ್ಯದ ಸಲಹೆಯನ್ನು ಏಕೆ ಪಾಲಿಸುತ್ತಾರೆ, ಏಕೆ ಬಿಡುತ್ತಾರೆ ಎಂದು ವಿವರಿಸುವ ‘ಆರೋಗ್ಯ ನಂಬಿಕೆ ಮಾದರಿ’ ಎಂಬ ಸಿದ್ಧಾಂತ ಹುಟ್ಟಿದ್ದೂ ಇಂಥದೇ ಗೊಂದಲದಲ್ಲಿ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಉಚಿತವಾಗಿ ಎದೆಯ ಎಕ್ಸ್‌ರೇ ತೆಗೆಯುತ್ತೇವೆಂದು ವಾಹನವನ್ನೇ ಮನೆ ಹತ್ತಿರ ತಂದರೂ ಜನ ಬರಲಿಲ್ಲ. ಏಕೆ ಬರಲಿಲ್ಲ ಎಂದು ಹುಡುಕಿದವರು ಕಟ್ಟಿದ ಪ್ರಶ್ನೆಗಳೇ ಈ ಮಾದರಿ. ಅದನ್ನು ಉತ್ತರದಂತೆ ಬಾಯಿಪಾಠ ಮಾಡಿದರೆ ಬೀದಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರಶ್ನೆಯಂತೆ ಕೇಳಿದರೆ ಬರುತ್ತದೆ.

ಹಂತ 1: ವಿಷಯವನ್ನು ಒಂದೇ ಕೆಲಸಕ್ಕೆ ಇಳಿಸಿ

‘ಡೆಂಗಿ ತಡೆಗಟ್ಟುವಿಕೆ’ ಎಂಬುದು ವಿಷಯ. ಅದನ್ನು ಯಾರೂ ಮಾಡಲಾರರು. ‘ನೀರು ತುಂಬುವ ಡ್ರಮ್ಮನ್ನು ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಒಳಗೋಡೆ ಉಜ್ಜಿ, ಮತ್ತೆ ತುಂಬಿ ಬಿಗಿಯಾಗಿ ಮುಚ್ಚುವುದು’ ಎಂಬುದು ಕೆಲಸ. ಇದರಲ್ಲಿ ಯಾರು, ಯಾವುದನ್ನು, ಎಷ್ಟು ದಿನಕ್ಕೊಮ್ಮೆ ಎಂಬುದೆಲ್ಲ ಇದೆ.

ಪ್ರತಿ ಮಾತಿಗೂ ಕಾರಣ ತಿಳಿದಿರಬೇಕು. ವಾರಕ್ಕೊಮ್ಮೆ ಏಕೆ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ನಮ್ಮ ಹವೆಯಲ್ಲಿ ಸುಮಾರು ಎಂಟು ಹತ್ತು ದಿನ ಬೇಕು. ವಾರದೊಳಗೆ ನೀರು ಚೆಲ್ಲಿದರೆ ಆ ಸುತ್ತು ಮುರಿಯುತ್ತದೆ. ಉಜ್ಜುವುದು ಏಕೆ? ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಮುಟ್ಟಿದ ಕೂಡಲೆ ಮರಿಯಾಗುತ್ತವೆ. ನೀರು ಚೆಲ್ಲಿ ಡ್ರಮ್ಮನ್ನು ಹಾಗೇ ತುಂಬಿದವರ ಮನೆಯಲ್ಲಿ ಮುಂದಿನ ವಾರವೂ ಲಾರ್ವಾ (ಸೊಳ್ಳೆಯ ಮರಿಹುಳ) ಕಾಣುವುದು ಇದಕ್ಕೇ. ಮೋರಿ ಸೊಳ್ಳೆಯೇ ಡೆಂಗಿ ತರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಈಡಿಸ್‌ಗೆ ಬೇಕಾದದ್ದು ನಿಂತ ಶುದ್ಧ ನೀರು, ಕಚ್ಚುವುದು ಹೆಚ್ಚಾಗಿ ಹಗಲಲ್ಲಿ.

ಹಂತ 2: ಅಡ್ಡಿ ಯಾವುದೆಂದು ಕೇಳಿ

ಐದಾರು ಮನೆಗಳಲ್ಲಿ ಮೊದಲು ಸುಮ್ಮನೆ ಮಾತಾಡಿ. ಫಾರಂ ಹಿಡಿದು ಹೋದರೆ ‘ಹೌದಮ್ಮ, ಎಲ್ಲ ಮಾಡ್ತೀವಿ’ ಎಂಬ ಉತ್ತರವೇ ಸಿಗುತ್ತದೆ. ಆರೋಗ್ಯ ನಂಬಿಕೆ ಮಾದರಿಯ ಒಂದೊಂದು ಅಂಗವನ್ನೂ ಬೀದಿಯ ಮಾತಿಗೆ ತಿರುಗಿಸಿಕೊಳ್ಳಿ:

ತನಗೆ ಬರಬಹುದೆಂಬ ಅನಿಸಿಕೆ: ‘ಈ ಬೀದೀಲಿ ಯಾರಿಗಾದ್ರೂ ಡೆಂಗಿ ಆಗಿತ್ತಾ ಅಕ್ಕ? ನಿಮ್ಮನೇಲಿ ಆಗಬಹುದು ಅನ್ಸತ್ತಾ?’

ತೀವ್ರತೆ: ‘ಆದ್ರೆ ಎಷ್ಟು ದಿನ ಕೆಲಸಕ್ಕೆ ರಜ ಹಾಕ್ಬೇಕಾಗತ್ತೆ?’ ಸಾವಿನ ಮಾತಿಗಿಂತ ಕೂಲಿ ತಪ್ಪುವ ಲೆಕ್ಕ ಬೇಗ ನಾಟುತ್ತದೆ.

ಪ್ರಯೋಜನ: ‘ಡ್ರಮ್ ತೊಳೆದ್ರೆ ಸೊಳ್ಳೆ ಕಮ್ಮಿ ಆಗತ್ತೆ ಅಂತೀರಾ, ಇಲ್ಲ ಮೋರಿ ಸರಿ ಮಾಡೋವರ್ಗೂ ಏನೂ ಆಗಲ್ಲ ಅಂತೀರಾ?’

ಅಡ್ಡಿ: ‘ನೀರು ಯಾವತ್ತು ಬಿಡ್ತಾರೆ? ಡ್ರಮ್ ಪೂರ್ತಿ ಖಾಲಿ ಆಗೋದು ಎಷ್ಟು ದಿನಕ್ಕೊಂದ್ಸಲ?’

ಮಾಡಬಲ್ಲೆನೆಂಬ ಧೈರ್ಯ: ‘ಇದನ್ನ ನೀವೊಬ್ರೇ ಬಗ್ಗಿಸೋಕಾಗತ್ತಾ?’

ಎಚ್ಚರಿಕೆಯ ಗಂಟೆ: ‘ವಾರದಲ್ಲಿ ಯಾವ ದಿನ ಅಂತ ಹೇಗೆ ನೆನಪಿಟ್ಕೋತೀರಾ?’

ಬೆಂಗಳೂರಿನಲ್ಲಿ ನಾಲ್ಕನೆಯ, ಐದನೆಯ ಪ್ರಶ್ನೆಗಳೇ ಹೆಚ್ಚು ಕೆಲಸ ಮಾಡುತ್ತವೆ. ಕಾವೇರಿ ನೀರು ದಿನ ಬಿಟ್ಟು ದಿನವೋ ಇನ್ನೂ ತಡವಾಗಿಯೋ ಬರುವ ಬೀದಿಯಲ್ಲಿ ಯಾರೂ ನೀರನ್ನು ಚೆಲ್ಲಲು ಒಪ್ಪುವುದಿಲ್ಲ, ಒಪ್ಪಬೇಕೆಂದು ಹೇಳುವುದೂ ಸರಿಯಲ್ಲ. ಇನ್ನೂರು ಲೀಟರ್ ಡ್ರಮ್ಮಿನಲ್ಲಿ ಅರ್ಧ ನೀರಿದ್ದರೂ ತೂಕ ನೂರು ಕಿಲೋ. ಒಬ್ಬ ಹೆಂಗಸು ಅದನ್ನು ಬಗ್ಗಿಸಲಾರಳು. ಇಷ್ಟು ಗೊತ್ತಾದ ಮೇಲೆ ಪಾಠದ ಮುಖ್ಯ ಅಂಶವೇ ಬದಲಾಗುತ್ತದೆ. ‘ಡೆಂಗಿ ಎಂದರೇನು’ ಎಂಬುದು ಐದು ನಿಮಿಷಕ್ಕೆ ಇಳಿದು, ‘ನೀರು ಬಿಡುವ ದಿನದ ಬೆಳಗ್ಗೆ, ಡ್ರಮ್ಮಿನ ತಳ ಕಾಣುವ ಹೊತ್ತಿಗೆ ಉಜ್ಜುವುದು ಹೇಗೆ’ ಎಂಬುದು ಉಳಿದ ಹೊತ್ತನ್ನು ತೆಗೆದುಕೊಳ್ಳುತ್ತದೆ. ವಾರಕ್ಕೊಂದು ‘ಡ್ರೈ ಡೇ’, ಅಂದರೆ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಿ ಒಣಗಿಸುವ ದಿನ, ಎಂಬ ಸೂಚನೆ ಒಳ್ಳೆಯದೇ. ಆದರೆ ಆ ದಿನವೇ ಬೀದಿಯ ಡ್ರಮ್ಮುಗಳೆಲ್ಲ ತುಂಬಿ ನಿಂತಿದ್ದರೆ ಅದು ಕಾಗದದ ಮೇಲಷ್ಟೇ ಉಳಿಯುತ್ತದೆ. ದಿನವನ್ನು ನೀರಿನ ಸರದಿಗೆ ಹೊಂದಿಸಿ.

ಹಂತ 3: ಬೀದಿ ಹಿಡಿಯುವುದು

ಮೊದಲ ಭೇಟಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಎರಡನೆಯದು ಆಶಾ ಕಾರ್ಯಕರ್ತೆಗೆ. ನಗರದಲ್ಲಿ ಒಬ್ಬ ಆಶಾಗೆ 200ರಿಂದ 500 ಮನೆ ಇರುವುದರಿಂದ ಅವರಿಗೆ ಹೆಚ್ಚಿನ ಕೆಲಸ ಹೊರಿಸದೆ, ಯಾವ ಬೀದಿ, ಯಾವ ಹೊತ್ತು ಎಂಬ ಸಲಹೆ ಮಾತ್ರ ಪಡೆಯಿರಿ. ಐವತ್ತರಿಂದ ನೂರು ಮನೆಗೊಂದರಂತೆ ಮಹಿಳಾ ಆರೋಗ್ಯ ಸಮಿತಿ ಇರುವ ಕಡೆ ಅದರ ಅಧ್ಯಕ್ಷೆಯನ್ನು ಕಂಡು ಮಾತಾಡಿದರೆ ಅರ್ಧ ಕೆಲಸ ಆದಂತೆ.

ಮನೆಗಳು ಒಂದಕ್ಕೊಂದು ಅಂಟಿಕೊಂಡಿರಲಿ. ಈಡಿಸ್ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರ್ ದಾಟಿ ಹೋಗುವುದಿಲ್ಲ. ಅಲ್ಲೊಂದು ಇಲ್ಲೊಂದು ಮನೆ ಆರಿಸಿ ಪಾಠ ಮಾಡಿದರೆ ತೊಳೆದವರ ಮನೆಗೆ ತೊಳೆಯದವರ ಸೊಳ್ಳೆ ಬರುತ್ತದೆ. ಆಮೇಲೆ ‘ನೀವು ಹೇಳಿದ್ದು ಮಾಡಿದ್ವಿ, ಏನೂ ಆಗ್ಲಿಲ್ಲ’ ಎಂದರೆ ಉತ್ತರವಿರುವುದಿಲ್ಲ.

ಕಾಲೇಜಿನ ಅನುಕೂಲಕ್ಕೆ ಬೆಳಗ್ಗೆ ಹತ್ತೂವರೆಗೆ ಹೋದರೆ ಮನೆಗೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋಗುವವರು ಒಬ್ಬರೂ ಸಿಗುವುದಿಲ್ಲ. ಸಿಗುವವರು ಅಜ್ಜಿಯರು ಮತ್ತು ಬಾಣಂತಿಯರು. ಅವರೊಂದಿಗೆ ಮಾತಾಡುವುದು ಒಳ್ಳೆಯದೇ, ಆದರೆ ಡ್ರಮ್ ತುಂಬುವವರು ಅವರಲ್ಲದಿರಬಹುದು. ಸಂಜೆಯ ಒಂದು ಭೇಟಿಗೆ ಕಾಲೇಜಿನಿಂದ ಮೊದಲೇ ಅನುಮತಿ ಪಡೆದುಕೊಳ್ಳಿ.

ಹಂತ 4: ಪಾಠಕ್ಕೆ ಮೊದಲು ಎಣಿಕೆ

ಬೇಕಾದ ಸಾಮಾನು: ಟಾರ್ಚ್ ಎರಡು, ಬಿಳಿ ಪ್ಲಾಸ್ಟಿಕ್ ತಟ್ಟೆ, ಉದ್ದ ಹಿಡಿಯ ಸೌಟು, ನೋಟ್‌ಬುಕ್. ಇಬ್ಬಿಬ್ಬರ ಎರಡು ಜೋಡಿ ಮಾಡಿಕೊಂಡು ಒಂದು ಮನೆಗೆ ಎಂಟು ಹತ್ತು ನಿಮಿಷ ಇಟ್ಟುಕೊಂಡರೆ ಮೂವತ್ತು ಮನೆ ಎರಡು ಎರಡೂವರೆ ಗಂಟೆಯಲ್ಲಿ ಮುಗಿಯುತ್ತವೆ. ಮನೆಯವರ ಹೆಸರು ಬರೆಯಬೇಡಿ, ನಿಮ್ಮದೇ ಕ್ರಮಸಂಖ್ಯೆ ಸಾಕು. ಒಳಗೆ ಹೋಗುವ ಮುನ್ನ ಕೇಳಿ. ಬೇಡವೆಂದರೆ ಮುಂದಿನ ಮನೆಗೆ ನಡೆಯಿರಿ.

ಲಾರ್ವಾ ನೋಡುವುದಕ್ಕೂ ಕ್ರಮವಿದೆ. ಡ್ರಮ್ಮಿನ ಮೇಲೆ ನೆರಳು ಬಿದ್ದರೆ, ನೀರು ಅಲುಗಿದರೆ ಅವು ತಳಕ್ಕೆ ಇಳಿಯುತ್ತವೆ. ಮುಚ್ಚಳ ಮೆಲ್ಲಗೆ ತೆಗೆದು, ಒಂದೆರಡು ನಿಮಿಷ ಕಾಯಿರಿ. ಉಸಿರಿಗೆ ಮೇಲೆ ಬಂದಾಗ ಸೌಟಿನಲ್ಲಿ ತೆಗೆದು ಬಿಳಿ ತಟ್ಟೆಗೆ ಸುರಿಯಿರಿ. ಡ್ರಮ್ ನೋಡಿ ಮುಗಿಸಬೇಡಿ. ಫ್ರಿಜ್‌ನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಹೂಕುಂಡದ ಕೆಳಗಿನ ತಟ್ಟೆ, ತಾರಸಿಯ ಮುಚ್ಚಳವಿಲ್ಲದ ಸಿಂಟೆಕ್ಸ್, ಸಂಪಿನ ಬಾಯಿ, ಎಳನೀರಿನ ಬುರುಡೆ, ಹಳೇ ಟೈರು, ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಅಲ್ಲಿನ ಕ್ಯೂರಿಂಗ್ ನೀರು ಮತ್ತು ಲಿಫ್ಟ್ ಗುಂಡಿ, ಇವೆಲ್ಲ ಪಟ್ಟಿಯಲ್ಲಿರಲಿ.

ತರಗತಿಯಲ್ಲಿ ಓದಿದ ಮೂರು ಸೂಚ್ಯಂಕಗಳನ್ನು ಈಗ ಲೆಕ್ಕ ಹಾಕಿ. ಮೂವತ್ತು ಮನೆಗಳಲ್ಲಿ ಒಂಬತ್ತರಲ್ಲಿ ಲಾರ್ವಾ ಸಿಕ್ಕಿತು, ನೋಡಿದ 120 ಪಾತ್ರೆಗಳಲ್ಲಿ 14ರಲ್ಲಿ ಇತ್ತು ಎಂದುಕೊಳ್ಳಿ. ಮನೆ ಸೂಚ್ಯಂಕ 9 ಭಾಗಿಸು 30 ಗುಣಿಸು 100, ಅಂದರೆ 30. ಪಾತ್ರೆ ಸೂಚ್ಯಂಕ 14 ಭಾಗಿಸು 120 ಗುಣಿಸು 100, ಸುಮಾರು 11.7. ಬ್ರೆಟೊ ಸೂಚ್ಯಂಕ ನೂರು ಮನೆಗೆ ಎಷ್ಟು ಲಾರ್ವಾ ಪಾತ್ರೆ ಎಂಬುದು, ಇಲ್ಲಿ ಸುಮಾರು 46.7. ಜೊತೆಗೆ ಲಾರ್ವಾ ಸಿಕ್ಕ 14 ಪಾತ್ರೆಗಳು ಯಾವ ಬಗೆಯವು ಎಂದು ಬರೆಯಿರಿ. ಹತ್ತು ಡ್ರಮ್ಮುಗಳೇ ಆದರೆ ನಿಮ್ಮ ಪಾಠ ಸರಿ ದಾರಿಯಲ್ಲಿದೆ. ಹೆಚ್ಚಿನವು ತಾರಸಿಯ ಟೈರುಗಳಾದರೆ ಡ್ರಮ್ಮಿನ ಪಾಠ ಬಿಟ್ಟು ಬೇರೆಯದು ಬರೆಯಬೇಕು. ಎಣಿಕೆ ಮಾಡದೆ ಚಾರ್ಟ್ ಬರೆದವರಿಗೆ ಇದು ಕೊನೆಯವರೆಗೂ ತಿಳಿಯುವುದೇ ಇಲ್ಲ.

ಒಂದು ಎಚ್ಚರಿಕೆ. ಕರ್ನಾಟಕದಲ್ಲಿ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕಲು ಅವಕಾಶ ಮಾಡಿದ್ದಾರೆ. ದಂಡದ ಮಾತನ್ನು ವಿದ್ಯಾರ್ಥಿಗಳು ಎತ್ತಲೇಬಾರದು. ಎತ್ತಿದ ಮನೆಯಲ್ಲಿ ಮರುಭೇಟಿಗೆ ಬಾಗಿಲು ತೆಗೆಯುವುದಿಲ್ಲ.

ಹಂತ 5: ಪಾಠ, ಡ್ರಮ್ಮಿನ ಪಕ್ಕದಲ್ಲೇ

ಸಭೆ ಕರೆಯುವುದಕ್ಕಿಂತ ಐದಾರು ಮನೆಯವರನ್ನು ಒಂದು ಮನೆಯ ಮುಂದೆ ಸೇರಿಸುವುದು ಮೇಲು. ಒಟ್ಟು ಇಪ್ಪತ್ತು ನಿಮಿಷ.

ಮೊದಲ ಐದು ನಿಮಿಷ ಅದೇ ಬೀದಿಯಲ್ಲಿ ಸಿಕ್ಕ ಲಾರ್ವಾವನ್ನು ಬಿಳಿ ತಟ್ಟೆಯಲ್ಲಿ ತೋರಿಸಿ, ಮನೆ ಯಾವುದೆಂದು ಹೇಳದೆ. ನೂರು ಬಣ್ಣದ ಚಾರ್ಟ್ ಮಾಡದ ಕೆಲಸವನ್ನು ಕುಣಿಯುವ ನಾಲ್ಕು ಹುಳ ಮಾಡುತ್ತವೆ. ತೋರಿಸಿದ ನೀರನ್ನು ಒಣ ಮಣ್ಣಿಗೆ ಸುರಿಯಿರಿ, ಚರಂಡಿಗೆ ಬೇಡ.

ಮುಂದಿನ ಹತ್ತು ನಿಮಿಷ ಮಾಡಿ ತೋರಿಸುವುದು. ತಳದಲ್ಲಿ ಉಳಿದ ನೀರನ್ನು ಪೈಪ್ ಇಟ್ಟು ಬಕೆಟ್ಟಿಗೆ ಎಳೆಯಿರಿ, ಬಟ್ಟೆಯಲ್ಲಿ ಸೋಸಿ ಪಾತ್ರೆ ತೊಳೆಯಲೋ ನೆಲ ಒರೆಸಲೋ ಇಟ್ಟುಕೊಳ್ಳಲು ಹೇಳಿ. ನೀರು ವ್ಯರ್ಥವಾಗುವುದಿಲ್ಲ ಎಂಬುದು ಕಣ್ಣಿಗೆ ಕಂಡಾಗ ಅರ್ಧ ತಕರಾರು ಇಳಿಯುತ್ತದೆ. ಖಾಲಿ ಡ್ರಮ್ಮನ್ನು ಮಲಗಿಸಿ, ತೆಂಗಿನ ನಾರು ಅಥವಾ ಗಟ್ಟಿ ಬ್ರಷ್‌ನಿಂದ ನೀರಿನ ಗುರುತು ಇರುವ ಪಟ್ಟಿಯನ್ನು ಸುತ್ತಲೂ ಉಜ್ಜಿ. ಮೊಟ್ಟೆ ಇರುವುದು ಅಲ್ಲೇ. ತಳ ಮಾತ್ರ ಉಜ್ಜಿ ಬಿಡುವುದು ಸಾಮಾನ್ಯ ತಪ್ಪು. ಮುಚ್ಚಳ ಕಳೆದುಹೋಗಿದ್ದರೆ ಒತ್ತಾಗಿ ನೇಯ್ದ ಹಳೇ ಪಂಚೆಯನ್ನು ಬಾಯಿಗೆ ಬಿಗಿದು, ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಕಟ್ಟಿ. ಬಟ್ಟೆ ಜೋತು ನೀರಿಗೆ ತಾಗಬಾರದು, ಅಂಚಿನಲ್ಲಿ ಸಂದು ಉಳಿಯಬಾರದು. ಚೊಂಬು ಅದ್ದುವಾಗ ತೆಗೆದು ಮತ್ತೆ ಕಟ್ಟದೆ ಬಿಡುವುದೇ ಇಲ್ಲಿನ ದೊಡ್ಡ ತೊಡಕು. ಹಾಗಾಗಿ ದಿನಬಳಕೆಗೆ ಒಂದು ಬಕೆಟ್ ಬೇರೆ ಇಟ್ಟುಕೊಂಡು, ಡ್ರಮ್ಮನ್ನು ದಿನಕ್ಕೆ ಒಮ್ಮೆ ಮಾತ್ರ ತೆರೆಯುವ ರೂಢಿ ಹಾಕಿಸಿ.

ಕೊನೆಯ ಐದು ನಿಮಿಷ ಅವರಿಂದ ಮಾಡಿಸಿ, ಹೇಳಿಸಿ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ‘ಆಯ್ತು’ ಎನ್ನುವುದು ಮರ್ಯಾದೆ, ಉತ್ತರ ಅಲ್ಲ. ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು. ಸಾಯಂಕಾಲ ಅಣ್ಣ ಬಂದಾಗ ಅವರಿಗೆ ಹೇಗೆ ಹೇಳ್ತೀರಾ?’ ಎಂದು ಕೇಳಿ. ಪರೀಕ್ಷೆ ಪಾಠ ಮಾಡಿದವರಿಗೇ ಹೊರತು ಕೇಳಿದವರಿಗಲ್ಲ ಎಂಬುದು ಆ ಮಾತಿನಲ್ಲೇ ಬರುತ್ತದೆ.

ಜ್ವರದ ಮಾತು ಬಂದೇ ಬರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಬೇಡ. ಬಿಡದ ವಾಂತಿ, ತೀವ್ರ ಹೊಟ್ಟೆನೋವು, ಒಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು ಎಂಬುದನ್ನು ಒತ್ತಿ ಹೇಳಿ. ಸಲಹೆಗೆ 104, ಆಂಬುಲೆನ್ಸ್‌ಗೆ 108. ಇದಕ್ಕಿಂತ ಮುಂದಿನದನ್ನು ವೈದ್ಯರಿಗೆ ಬಿಡಿ.

ಹಂತ 6: ಅದೇ ದಿನ ಸಂಜೆ, ನಾಲ್ಕು ಕಾಲಂ

ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ ಅನುಭವ, ಅವಲೋಕನ, ಪರಿಕಲ್ಪನೆ, ಮರುಪ್ರಯೋಗ ಎಂಬ ನಾಲ್ಕು ಹಂತಗಳಿವೆ. ಪೋಸ್ಟಿಂಗ್‌ಗಳಲ್ಲಿ ಮೊದಲನೆಯದು ಮಾತ್ರ ನಡೆಯುತ್ತದೆ, ಉಳಿದ ಮೂರು ಬಸ್ಸಿನಲ್ಲೇ ಕಳೆದುಹೋಗುತ್ತವೆ. ನಲವತ್ತೈದು ನಿಮಿಷ ಕೂತು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಓದಿದ್ದು, ಕಂಡದ್ದು, ಏಕೆ ಹೀಗೆ, ಮುಂದಿನ ವಾರ ಬದಲಿಸುವುದು.

ತುಂಬಿದ ಸಾಲು ಹೀಗಿರಬೇಕು. ಓದಿದ್ದು: ಅಪಾಯದ ಅರಿವು ಹೆಚ್ಚಿದರೆ ವರ್ತನೆ ಬದಲಾಗುತ್ತದೆ. ಕಂಡದ್ದು: ಮಗುವಿಗೆ ಡೆಂಗಿ ಆಗಿದ್ದ ಮನೆಯಲ್ಲೂ ಡ್ರಮ್ ತೆರೆದಿತ್ತು. ಏಕೆ: ಬಾಡಿಗೆ ಮನೆ, ಮೂರು ಸಂಸಾರಕ್ಕೆ ಒಂದೇ ಡ್ರಮ್, ಮುಚ್ಚುವ ಹೊಣೆ ಯಾರದೂ ಅಲ್ಲ. ಬದಲಿಸುವುದು: ಮೂರೂ ಮನೆಯವರನ್ನು ಒಟ್ಟಿಗೆ ಕೂರಿಸಿ ಸರದಿ ಹಾಕುವುದು, ಮುಚ್ಚಳದ ಬಗ್ಗೆ ಮನೆ ಮಾಲೀಕರ ಬಳಿ ಮಾತಾಡುವುದು. ‘ಜನ ಸಹಕರಿಸಲಿಲ್ಲ’ ಎಂದು ಮೂರನೆಯ ಕಾಲಂನಲ್ಲಿ ಬರೆದಿದ್ದರೆ ಮಾರ್ಗದರ್ಶಿ ಅಧ್ಯಾಪಕರು ಹಾಳೆ ವಾಪಸು ಕೊಡಬೇಕು. ಅದು ದೂರು, ಕಾರಣ ಅಲ್ಲ.

ಲೆಸನ್ ಪ್ಲಾನಿನ ಅಚ್ಚಿನಲ್ಲಿ ಸಮಯ, ಉದ್ದೇಶ, ವಿಷಯ, ಚಟುವಟಿಕೆ, ಎ.ವಿ. ಏಡ್ಸ್ (ಚಾರ್ಟ್, ಚಿತ್ರದಂಥ ಬೋಧನ ಸಾಮಗ್ರಿ), ಮೌಲ್ಯಮಾಪನ ಎಂಬ ಕಾಲಂಗಳಿರುತ್ತವೆ. ಅದಕ್ಕೆ ‘ಈ ಬೀದಿಯ ಅಡ್ಡಿ’ ಎಂಬ ಇನ್ನೊಂದು ಸೇರಿಸಿ, ಚಾರ್ಟಿನ ಅಂದಕ್ಕೆ ಕೊಡುವ ಅಂಕವನ್ನು ಅದಕ್ಕೆ ವರ್ಗಾಯಿಸಿದರೆ ವಿದ್ಯಾರ್ಥಿಗಳ ಗಮನ ತಾನಾಗಿಯೇ ಅತ್ತ ಹೊರಳುತ್ತದೆ.

ಹಂತ 7: ಮರುಭೇಟಿ

ಏಳನೆಯ ಮತ್ತು ಇಪ್ಪತ್ತೊಂದನೆಯ ದಿನ ಅದೇ ಮೂವತ್ತು ಮನೆ, ಅದೇ ಪಟ್ಟಿ. ಪಾಠ ಮಾಡಿದ ಜೋಡಿ ಆ ಮನೆಗಳನ್ನು ಎಣಿಸಬಾರದು, ಜೋಡಿಗಳು ಅದಲುಬದಲಾಗಲಿ. ಮರುಭೇಟಿ ಇದೆ ಎಂದು ಹೇಳಿ, ದಿನ ಹೇಳಬೇಡಿ. ದಿನ ಗೊತ್ತಿದ್ದರೆ ನೆಂಟರು ಬರುತ್ತಾರೆಂಬಂತೆ ಬೆಳಗ್ಗೆಯೇ ತೊಳೆದಿಟ್ಟಿರುತ್ತಾರೆ.

ಫಲಿತಾಂಶ ಓದುವಾಗ ಸಂಯಮ ಬೇಕು. ಒಂಬತ್ತು ಮನೆ ಏಳಕ್ಕೆ ಇಳಿದರೆ ಅದನ್ನು ಯಶಸ್ಸೆಂದು ಬರೆಯಬೇಡಿ, ಮೂವತ್ತರಲ್ಲಿ ಎರಡರ ಏರಿಳಿತ ಸುಮ್ಮನೆಯೂ ಆಗುತ್ತದೆ. ನಡುವೆ ಮಳೆ ಬಂದಿತ್ತೇ, ಪಾಲಿಕೆಯವರು ಔಷಧಿ ಹಾಕಿದರೇ ಎಂದು ಗುರುತು ಹಾಕಿ. ಸಾಧ್ಯವಾದರೆ ಪಾಠ ಆಗದ ಪಕ್ಕದ ಬೀದಿಯಲ್ಲೂ ಎಣಿಸಿ, ಕೆಲಸ ಮುಗಿದ ಮೇಲೆ ಅಲ್ಲಿಗೂ ಪಾಠ ಕೊಡಿ. ಪಾಠ ಕೇಳಿಯೂ ಲಾರ್ವಾ ಉಳಿದ ಮನೆಗಳೇ ನಿಮಗೆ ಹೆಚ್ಚು ಕಲಿಸುತ್ತವೆ. ಹಂತ 2ರ ಪ್ರಶ್ನೆಗಳನ್ನು ಅಲ್ಲಿ ಮತ್ತೆ ಕೇಳಿ.

ಬೇರೆ ವಿಷಯಗಳಿಗೆ ಇದೇ ಕ್ರಮ

ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯ ವಿಷಯದಲ್ಲಿ ಹೆಸರು ಎಲ್ಲರಿಗೂ ಗೊತ್ತು, ತಪ್ಪುವುದು ಅಳತೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅದನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೂರ್ತಿ ಬೇಡವೆಂದು ಚೂರುಚೂರೇ ಉದುರಿಸಿದರೆ ಪ್ರಮಾಣ ಕೆಡುತ್ತದೆ. 200 ಮಿಲಿಯ ಸಣ್ಣ ಪೊಟ್ಟಣವೂ ಇರುವುದರಿಂದ ಪೊಟ್ಟಣದ ಮೇಲಿನದನ್ನು ಓದಿಸಿಯೇ ಮುಂದುವರಿಯಿರಿ. ಸ್ಟೀಲ್ ಲೋಟ ಮನೆಗೊಂದು ಅಳತೆಯದು, ಖಾಲಿ ಒಂದು ಲೀಟರ್ ನೀರಿನ ಬಾಟಲಿಯೇ ನಿಮ್ಮ ಉಪಕರಣ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು. ಸತುವಿನ ಮಾತ್ರೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, 14 ದಿನ. ಭೇದಿ ನಿಂತ ಮೂರನೇ ದಿನಕ್ಕೆ ಮಾತ್ರೆಯೂ ನಿಲ್ಲುವುದು ಎಲ್ಲ ಕಡೆ ಕಾಣುವ ತಪ್ಪು. ಇಲ್ಲಿ ಬೇಕಾದದ್ದು ಕೈಗೆ ಅಭ್ಯಾಸ. ಪ್ರತಿ ತಾಯಿಯೂ ಒಮ್ಮೆ ಕಲಸಬೇಕು.

ಗರ್ಭಿಣಿಯರ ಕಬ್ಬಿಣದ ಮಾತ್ರೆಯಲ್ಲಿ ತೊಡಕು ಬೇರೆ. 60 ಮಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, 180 ದಿನ ಎಂಬುದನ್ನು ವಿದ್ಯಾರ್ಥಿಗಳು ಗಿಣಿಪಾಠ ಒಪ್ಪಿಸುತ್ತಾರೆ. ಮಾತ್ರೆ ಡಬ್ಬಿಯಲ್ಲೇ ಉಳಿಯುವುದು ವಾಕರಿಕೆ, ಮಲಬದ್ಧತೆ, ಕಪ್ಪು ಮಲದ ಗಾಬರಿಯಿಂದ. ಇವನ್ನು ಮೊದಲೇ ಹೇಳಿಟ್ಟರೆ ಬಿಡುವವರು ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ, ಕಬ್ಬಿಣದ್ದನ್ನು ಊಟವಾಗಿ ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಲಿ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಾಫಿ, ಟೀ ಕೂಡ ಒಂದು ಗಂಟೆ ಆಚೆಗೆ. ಊಟದ ಮಾತಿಗೆ ದಾಳಿಂಬೆ, ಖರ್ಜೂರದ ಚಿತ್ರ ತರಬೇಡಿ. ಸೊಪ್ಪಿನ ಬಸ್ಸಾರು, ಮೊಳಕೆ ಕಾಳು ಆ ಮನೆಯಲ್ಲಿ ಮೊದಲೇ ಇದೆ, ಮೇಲೆ ಅರ್ಧ ನಿಂಬೆ ಹಿಂಡಿದರೆ ಸಾಕು.

ಕೊನೆಯ ವಾರ ಆರೋಗ್ಯ ಕೇಂದ್ರಕ್ಕೆ ಕೊಡುವ ವರದಿ ಎರಡು ಪುಟ ಮೀರದಿರಲಿ: ಬೀದಿಯ ಕೈನಕ್ಷೆ, ಮೂರು ಎಣಿಕೆಗಳ ಕೋಷ್ಟಕ, ಲಾರ್ವಾ ಉಳಿದ ಪಾತ್ರೆಗಳ ಬಗೆ, ಮನೆಯವರ ಕೈಮೀರಿದ ಅಡ್ಡಿಗಳು. ಮುಚ್ಚಳವಿಲ್ಲದ ಸಂಪು, ಕಟ್ಟಡದ ಗುಂಡಿ, ಹೊತ್ತು ತಪ್ಪಿ ಬರುವ ನೀರು, ಇವು ಪಾಲಿಕೆಗೂ ಜಲಮಂಡಳಿಗೂ ಹೋಗಬೇಕಾದ ವಿಷಯ. ಒಂದು ಪ್ರತಿ ಆಶಾ ಕಾರ್ಯಕರ್ತೆಯ ಕೈಯಲ್ಲಿರಲಿ, ಇನ್ನೊಂದು ಮುಂದಿನ ಬ್ಯಾಚಿಗೆ. ಅವರು ಶುರುಮಾಡಬೇಕಾದದ್ದು ನಿಮ್ಮ ಇಪ್ಪತ್ತೊಂದನೆಯ ದಿನದ ಎಣಿಕೆಯಿಂದ.